ಬಿಸಿ ಶಾಫ್ಟಿನ ಅಳತೆ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಅಪ್ರೆಂಟಿಸ್ ಆಗಿ ಸೇರಲಾ ಬೇಡ್ವಾ ಅಂತ ನೀನು ಮೆಸೇಜ್ ಹಾಕಿ ಹದಿನೈದು ದಿನ ಆಯಿತು. ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ‘ದೊಡ್ಡ ಕಂಪನಿ ಅಲ್ವಾ, ಕಲಿಯೋಕೆ ಬೇಕಾದಷ್ಟಿರುತ್ತೆ’ ಅಂತ ಕೊನೆಗೆ ಸೇರಿಸಿದ್ದೀಯ. ಅದಕ್ಕೇ ಪತ್ರ ಉದ್ದ ಆಗುತ್ತಿದೆ, ಬೈಕೋಬೇಡ.

ದೊಡ್ಡ ಕಂಪನಿ ಅಂದರೆ ಮೊದಲು ಗೊತ್ತಾಗೋದು ನಡಿಗೆ. ಗೇಟಿನಿಂದ ನಮ್ಮ ಟ್ರೈನಿಂಗ್ ಶಾಪ್‌ಗೆ ಕಾಲು ಗಂಟೆ. ಆಮೇಲೆ ಗೊತ್ತಾಗೋದು, ಅಲ್ಲಿ ನಮಗೆ ಹೆಸರೇ ಇಲ್ಲ ಅನ್ನೋದು. ‘ಏ ಅಪ್ರೆಂಟಿಸ್, ಆ ಸ್ಪ್ಯಾನರ್ ತಗೊಂಡು ಬಾ’, ಅಷ್ಟೇ. ಮೂರು ತಿಂಗಳು ನಾನು ಆ ಕೂಗಿಗೇ ತಿರುಗಿ ನೋಡುತ್ತಿದ್ದೆ.

ಮೊದಲ ಆರು ವಾರ ಯಾವ ಮಷೀನನ್ನೂ ಮುಟ್ಟಲು ಬಿಡಲಿಲ್ಲ. ಬೆಂಚ್ ವೈಸಿನಲ್ಲಿ ಮೈಲ್ಡ್ ಸ್ಟೀಲ್ ತುಂಡೊಂದನ್ನು ಬಿಗಿದು, ಕೈಗೆ ಲೋಹ ಉಜ್ಜುವ ಅರ ಕೊಟ್ಟು, ‘ಮಟ್ಟಸ ಮಾಡು’ ಅಂದರು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಬಂದವನಿಗೆ ಉಜ್ಜೋ ಕೆಲಸವಾ ಅಂತ ಒಳಗೊಳಗೇ ಉರಿದುಹೋಯಿತು. ಆದರೆ ಅದು ಅಷ್ಟು ಸುಲಭವಾಗಿ ಮಟ್ಟಸ ಆಗಲ್ಲ ಕಣೋ. ಅರ ಮುಂದೆ ಹೋಗುವಾಗ ಎರಡೂ ಕೈ ಸ್ವಲ್ಪ ಸ್ವಲ್ಪವೇ ತೊನೆಯುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ಅಂಚುಗಳು ಸವೆಯುತ್ತವೆ, ನಡುವೆ ಉಬ್ಬು ನಿಲ್ಲುತ್ತದೆ. ಟ್ರೈ ಸ್ಕ್ವೇರ್ ಅನ್ನೋ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಎರಡೂ ಕಡೆ ಬೆಳಕು ಸೋರುತ್ತದೆ. ಮತ್ತೆ ಉಜ್ಜು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ಬೆಳಕು ಸೋರುವುದು ನಿಂತ ದಿನ ಇನ್‌ಸ್ಟ್ರಕ್ಟರ್ ಆ ತುಂಡನ್ನು ತಿರುಗಿಸಿ ನೋಡಿ, ‘ಹೂಂ, ಈಗ ಇನ್ನೊಂದು ಮುಖ’ ಅಂದು ಹೋದರು.

ನನ್ನ ಹೆಸರು ಆ ಕಂಪನಿಯಲ್ಲಿ ಮೊದಲು ಕೆಲಸಕ್ಕೆ ಬಂದದ್ದು ಎಲ್ಲಿ ಗೊತ್ತಾ? ಒಂದು ಬೀಗದ ಮೇಲೆ. ಮೆಂಟೆನೆನ್ಸ್‌ಗೆ ಹಾಕಿದಾಗ ಕೆಂಪು ಬೀಗ, ಹೆಸರು ಬರೆದ ಟ್ಯಾಗ್ ಕೊಟ್ಟರು. ಮಷೀನ್ ಒಳಗೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬನೂ ತನ್ನ ತನ್ನ ಬೀಗ ಹಾಕಬೇಕು. ಕೀಲಿ ಅವನವನ ಜೇಬಲ್ಲೇ ಇರಬೇಕು. ಮೂವತ್ತು ವರ್ಷ ಸರ್ವಿಸ್ ಆದವರೂ ನನ್ನ ಬೀಗ ತೆಗೆಯುವ ಹಾಗಿಲ್ಲ. ಒಂದು ದಿನ ನಾನು ಕೈ ತೊಳೆಯಲು ಹೋಗಿದ್ದಾಗ ಐದು ಜನ ನನಗಾಗಿ ಕಾದು ನಿಂತಿದ್ದರು. ಬೈಗುಳದ ಜೊತೆ ಹೆಸರೂ ಇತ್ತು. ಖುಷಿಯಾಯಿತು.

ಈಗ ಶಾಫ್ಟಿನ ಕಥೆ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಐದನೇ ತಿಂಗಳು. ಲೋಹವನ್ನು ತಿರುಗಿಸುತ್ತಾ ಕೊರೆಯುವ ಲೇತ್ ಮೇಲೆ ಮೊದಲ ಸಲ ಒಬ್ಬನೇ. 60 ಮಿ.ಮೀ. ವ್ಯಾಸದ ಶಾಫ್ಟ್, ಅಂದರೆ ಉಕ್ಕಿನ ದುಂಡನೆ ಸರಳು. ಡ್ರಾಯಿಂಗಿನಲ್ಲಿ ಸಣ್ಣ ‘ಎಚ್ 6’ ಟಾಲರೆನ್ಸ್. ಅಂದರೆ 60ಕ್ಕಿಂತ ಚೂರೂ ಜಾಸ್ತಿ ಆಗಬಾರದು, ಕಮ್ಮಿ ಆದರೆ 0.019 ಮಿ.ಮೀ. ತನಕ ನಡೆಯುತ್ತದೆ. ಶಿಫ್ಟ್ ಮುಗಿಯೋಕೆ ಅರ್ಧ ಗಂಟೆ ಇತ್ತು. ತಣ್ಣಗಿಡುವ ದ್ರವ, ಕೂಲಂಟ್, ಬಿಡದೆ ಬೇಗ ಬೇಗ ಕಟ್ ತೆಗೆದೆ. ಸೂಕ್ಷ್ಮ ಅಳತೆಯ ಸಾಧನ ಮೈಕ್ರೋಮೀಟರ್ ಹಿಡಿದೆ: 59.99. ಸರಿಯಾಗಿ ಕೂತಿದೆ! ಲಾಗ್‌ಬುಕ್‌ನಲ್ಲಿ ಬರೆದು, ರುಜು ಹಾಕಿ, ಶಿಳ್ಳೆ ಹೊಡೆಯುತ್ತಾ ಹೊರಟೆ.

ಬೆಳಿಗ್ಗೆ ಇನ್‌ಸ್ಟ್ರಕ್ಟರ್ ಅದೇ ಶಾಫ್ಟನ್ನು ಅದೇ ಮೈಕ್ರೋಮೀಟರಿನಲ್ಲಿ ಅಳೆದರು: 59.96. ನಾನೂ ಅಳೆದೆ, ಅಷ್ಟೇ. ಯಾರೋ ರಾತ್ರಿ ಉಜ್ಜಿದ್ದಾರೆ ಅಂತ ಅನ್ನಿಸಿತು ನೋಡು, ಅಷ್ಟು ದಡ್ಡ ನಾನು. ‘ನಿನ್ನೆ ಅಳೆದಾಗ ಮುಟ್ಟಿ ನೋಡಿದ್ಯಾ?’ ಅಂದರು. ಮುಟ್ಟಿದ್ದೆ. ಕೈ ಸುಟ್ಟಿತ್ತು.

ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದರು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಗೆ ಸುಮಾರು 11.5 ಮೈಕ್ರಾನ್ ಬೆಳೆಯುತ್ತದೆ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ). 60 ಮಿ.ಮೀ.ಗೆ, 40 ಡಿಗ್ರಿ ಜಾಸ್ತಿ ಬಿಸಿಗೆ ಸುಮಾರು 0.028 ಮಿ.ಮೀ. ರಾತ್ರಿಯೆಲ್ಲಾ ತಣ್ಣಗಾಗಿ ಅಷ್ಟೂ ವಾಪಸ್ ಹೋಗಿದೆ. ಈ ಸೂತ್ರ ಬರೆದೇ ಪರೀಕ್ಷೆಯಲ್ಲಿ ಪೂರ್ತಿ ಅಂಕ ತಗೊಂಡಿದ್ದೆ ನಾನು. ಜಾಸ್ತಿ ಉಳಿದಿದ್ದರೆ ಇನ್ನೊಂದು ಕಟ್ ತೆಗೆಯಬಹುದಿತ್ತು. ಕಮ್ಮಿ ಆದದ್ದನ್ನು ಏನು ಮಾಡೋದು? ಶಾಫ್ಟಿಗೆ ಕೆಂಪು ಬಣ್ಣ ಬಳಿದು ನನ್ನ ಕೈಯಲ್ಲೇ ಸ್ಕ್ರ್ಯಾಪ್‌ಗೆ ಹಾಕಿಸಿದರು.

ಅವತ್ತೇ ಅಳತೆ ಕೋಣೆಗೂ ಕರೆದುಕೊಂಡು ಹೋದರು. ಅಲ್ಲಿ ಸದಾ 20 ಡಿಗ್ರಿ. ಯಾವ ಉಷ್ಣಾಂಶದಲ್ಲಿ ಅಳೆದದ್ದು ‘ನಿಜವಾದ’ ಅಳತೆ ಅಂತ ದೇಶದೇಶಗಳಿಗೆ ಜಗಳ ಇತ್ತಂತೆ. 1931ರಲ್ಲಿ 20 ಅಂತ ಒಪ್ಪಿಕೊಂಡರು. ಸ್ಲಿಪ್ ಗೇಜ್, ಅಂದರೆ ನಿಖರ ಅಳತೆಯ ಉಕ್ಕಿನ ತುಂಡುಗಳ, ಪೆಟ್ಟಿಗೆ ತೆಗೆದು ಎರಡು ತುಂಡುಗಳನ್ನು ಒಂದರ ಮೇಲೊಂದು ತಿರುಚಿ ಜಾರಿಸಿದರು. ಅಂಟಿಲ್ಲ, ಅಯಸ್ಕಾಂತ ಇಲ್ಲ, ಆದರೂ ಕಚ್ಚಿಕೊಂಡುಬಿಟ್ಟವು! ಮೇಲಿನದನ್ನು ಹಿಡಿದು ಎತ್ತಿದರೆ ಕೆಳಗಿನದೂ ಬಂತು. ಅಷ್ಟು ನುಣುಪು, ಅಷ್ಟು ಮಟ್ಟಸ. 1896ರಲ್ಲಿ ಇದನ್ನು ಯೋಚಿಸಿದವನು ಕಾರ್ಲ್ ಎಡ್ವರ್ಡ್ ಯೋಹಾನ್ಸನ್. ಬಂದೂಕು ಕಾರ್ಖಾನೆಯಲ್ಲಿದ್ದ ಸ್ವೀಡನ್ನಿನವನು. ಅವನ ಪೆಟ್ಟಿಗೆಯಲ್ಲಿದ್ದದ್ದು 102 ತುಂಡು, ಜೋಡಿಸಿದರೆ ಸುಮಾರು 20,000 ಅಳತೆ. ಆರು ವಾರ ಅರ ಹಿಡಿದಿರದಿದ್ದರೆ ನನಗೆ ಆ ಮಟ್ಟಸದ ಬೆಲೆ ಗೊತ್ತಾಗುತ್ತಿರಲಿಲ್ಲ, ಸುಮ್ನೆ ಹೂಂ ಅಂದು ಬರುತ್ತಿದ್ದೆ.

ಎಲ್ಲಾ ಹೀಗೇ ಇತ್ತು ಅಂದುಕೋಬೇಡ. ಮಧ್ಯೆ ಎರಡು ತಿಂಗಳು ಒಂದು ಆಫೀಸಿಗೆ ಹಾಕಿ ಹಳೇ ಕಡತಗಳನ್ನು ಎಕ್ಸೆಲ್‌ಗೆ ತುಂಬಿಸಿದರು. ಲಾಗ್‌ಬುಕ್‌ನಲ್ಲಿ ಮಾತ್ರ ‘ಪ್ರೊಡಕ್ಷನ್ ಪ್ಲಾನಿಂಗ್ ತರಬೇತಿ’ ಅಂತ ಬರೆಸಿದರು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಈಗ ಆಗಿದ್ದರೆ ಎರಡನೇ ವಾರಕ್ಕೇ ಟ್ರೈನಿಂಗ್ ವಿಭಾಗಕ್ಕೆ ಹೋಗಿ ಕೇಳುತ್ತಿದ್ದೆ. ನೀನು ಕೇಳು. ಯಾವ ವಿಭಾಗದಲ್ಲಿ ಎಷ್ಟು ವಾರ ಅನ್ನೋ ಪಟ್ಟಿ ಸೇರುವ ದಿನವೇ ಕೈಗೆ ತಗೋ.

ಮುಗಿದ ಮೇಲೆ ಅಲ್ಲೇ ಕೆಲಸ ಸಿಗುತ್ತಾ ಅಂತ ಕೇಳಿದ್ದೀಯ. ನನ್ನ ಲೆಟರಿನಲ್ಲಿ ಹಾಗಂತ ಎಲ್ಲೂ ಇರಲಿಲ್ಲ, ಸಿಗಲೂ ಇಲ್ಲ. ನಿನ್ನ ಲೆಟರ್ ಪೂರ್ತಿ ಓದು, ಹಿಂದಿನ ಪುಟದ ಸಣ್ಣ ಅಕ್ಷರಾನೂ ಸೇರಿಸಿ. ಇಷ್ಟಾದರೂ ಸೇರು ಅಂತಲೇ ನಾನು ಹೇಳೋದು.

ಇನ್ನೊಂದು ಮರೆತಿದ್ದೆ. ಸೇಫ್ಟಿ ಶೂಗೆ ಅಳತೆ ಕೇಳುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ನೋಡಿ ಬರೆದುಕೊಟ್ಟುಬಿಡಬೇಡ. ದಿನವೆಲ್ಲಾ ನಿಂತರೆ ಕಾಲು ಊದುತ್ತದೆ. ಸಂಜೆ ಅಳೆದು ಕೊಡು.

ನಿನ್ನ,
ಮಾಜಿ ಅಪ್ರೆಂಟಿಸ್