ಬೆಲೆಯೋ, ಬೆಳೆಯೋ?

ಪ್ರೀತಿಯ ಗೆಳೆಯಾ,

ಹೋದ ತಿಂಗಳು ನೀನು ಮನೆಗೆ ಬಂದಿದ್ದಾಗ, ಬಸ್ಸಿನ ಟಿಕೆಟ್ ನೋಡೋಣ ಅಂತ ನನ್ನ ಫೋನ್ ತಗೊಂಡಿದ್ದೆ. ಎರಡೇ ನಿಮಿಷಕ್ಕೆ ವಾಪಸ್ ಕೊಟ್ಟೆ. "ಇದೇನು ಮಾರಾಯ, ಎಲ್ಲಾ ಕನ್ನಡದಲ್ಲಿದೆ, ಕೀಬೋರ್ಡೂ ಬೇರೆ ಥರ, ಒಂದೂ ಗೊತ್ತಾಗಲ್ಲ" ಅಂದೆ. ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು. ಮಾತು ಅಲ್ಲಿಗೇ ನಿಂತಿತು. ನನ್ನ ಮನಸ್ಸಿನಲ್ಲಿ ಮಾತ್ರ ಅದು ನಿಲ್ಲಲಿಲ್ಲ. ಯಾಕೆ ಹೀಗೆ ಅಂತ ನಿನಗೊಮ್ಮೆ ಸರಿಯಾಗಿ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ನಮ್ಮ ನೆಂಟರೊಬ್ಬರು ಅಪ್ಪನಿಗೆ ವಾಟ್ಸಾಪ್ ಕಳಿಸಿದ್ದರು. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಈ ಸಲ ಅಡಿಕೆ ಏನೋ ಒಂದು ತುಂಬಾ ಕಡಿಮೆ ಅಂತ ಬರೆದಿದ್ದರು. ಆ 'ಏನೋ ಒಂದು' ಇದ್ದ ಕಡೆ ನಾಲ್ಕು ಅಕ್ಷರ: ಬಿ, ಇ, ಎಲ್, ಇ. ಅಪ್ಪ ಅದನ್ನು ಬೆಲೆ ಅಂತ ಓದಿದರು. ಮಂಡಿಗೆ ಕಳಿಸಲು ಕಟ್ಟಿಟ್ಟಿದ್ದ ಮೂಟೆಗಳನ್ನು ಮತ್ತೆ ಒಳಗೆ ಹಾಕಿಸಿದರು. "ಹೌದು, ಇನ್ನೂ ಸ್ವಲ್ಪ ದಿನ ಕಾದು ನೋಡೋಣ" ಅಂತ ಉತ್ತರವನ್ನೂ ಬರೆಸಿದರು. ಬರೆದವನು ನಾನೇ.

ನೆಂಟರು ಹೇಳಿದ್ದು ಬೆಳೆ. ಕೊಳೆ ರೋಗ ಬಂದಿತ್ತಂತೆ. ಬೋರ್ಡೋ ದ್ರಾವಣ ಹೊಡೆದರೂ ನಿಲ್ಲದೆ, ಕಾಯಿ ಎಲ್ಲಾ ಮರದ ಬುಡಕ್ಕೆ ಉದುರಿತ್ತಂತೆ. ನಮಗೆ ಇದು ಗೊತ್ತಾಗಿದ್ದು ಹದಿನೈದು ದಿನ ಬಿಟ್ಟು, ಒಂದು ಮದುವೆ ಮನೆಯಲ್ಲಿ. ವಾಪಸ್ ಬರುವಾಗ ಅಪ್ಪ ದಾರಿ ಉದ್ದಕ್ಕೂ ಒಂದೇ ಮಾತು ಹೇಳುತ್ತಿದ್ದರು. "ಮೂಟೆ ಹಾಳಾಗಿ ಹೋಗಲಿ ಕಣೋ. ತೋಟ ಹೋಯ್ತು ಅಂತ ಹೇಳಿಕೊಂಡವನಿಗೆ ಕಾದು ನೋಡೋಣ ಅಂದುಬಿಟ್ಟೆನಲ್ಲ."

ಬೆಲೆ, ಬೆಳೆ, ಬೇಳೆ. ಮೂರಕ್ಕೂ ಆ ನಾಲ್ಕೇ ಅಕ್ಷರ. ನಮ್ಮ ಲಿಪಿಯಲ್ಲಿ ಬರೆದಿದ್ದರೆ ಒಂದು ಳಕಾರ ಸಾಕಿತ್ತು. ಅಂದಿನಿಂದ ನಾನು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಲ್ಲ. ಅವಸರವಿದ್ದರೂ ಇಲ್ಲ, ಆಫೀಸಿನವರ ಗುಂಪಿನಲ್ಲೂ ಇಲ್ಲ.

ಇನ್ನು ಆ ಕೀಬೋರ್ಡಿನ ವಿಷಯ. ನೀನು ನೋಡಿದ್ದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕಾಲೇಜಿನಲ್ಲಿದ್ದಾಗ 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಕಲಿತಿದ್ದೆವು, ನೆನಪಿದೆಯಾ? ಇಡೀ ಕನ್ನಡವನ್ನು ಇಂಗ್ಲಿಷಿನ 26 ಕೀಲಿಗಳಲ್ಲೇ ಕೂರಿಸಿದ್ದಾರೆ. ಅಲ್ಪಪ್ರಾಣಕ್ಕೆ ಬರೀ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್ ಜೊತೆ ಅದೇ ಕೀಲಿ. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಒತ್ತು. ನಡುವಿನ ಎಫ್ ಇದೆಯಲ್ಲ, ಅದು ಒತ್ತಕ್ಷರ ಮಾಡುವ ಕೀಲಿ. ನಾವು ಬಾಯಲ್ಲಿ ಹೇಳುವ ಕ್ರಮದಲ್ಲೇ ಬೆರಳೂ ಹೋಗುತ್ತದೆ. ಈಗ ನನಗೆ ಕೀಲಿ ಯಾವುದು ಅಂತ ಯೋಚಿಸುವ ಕೆಲಸವೇ ಇಲ್ಲ. ಇಂಗ್ಲಿಷಿನಲ್ಲಿ ಹೊಡೆದರೆ ತಾನೇ ಕನ್ನಡ ಮಾಡಿಕೊಡುವ ಕೀಬೋರ್ಡುಗಳಿವೆ, ಗೊತ್ತು. ಅವು ಕೆಟ್ಟವು ಅನ್ನುವುದಿಲ್ಲ. ನನಗೆ ಮಾತ್ರ ಕನ್ನಡ ಬರೆಯುವಾಗ ತಲೆಯೊಳಗೆ ಮೊದಲು ಇಂಗ್ಲಿಷ್ ಕಾಗುಣಿತ ಬರುವುದು ಬೇಡ.

ಪದ ಸೂಚಿಸುವುದನ್ನೂ ಆಫ್ ಮಾಡಿದ್ದೇನೆ. ನಾನು 'ಬತ್ತೀನಿ' ಅಂತ ಬರೆದರೆ ಅದು 'ಬರುತ್ತೇನೆ' ಅಂತ ತಿದ್ದಲು ಬರುತ್ತದೆ. ತಂಗಿಗೆ ನಾನು ಯಾವತ್ತೂ 'ಬರುತ್ತೇನೆ' ಅಂದವನಲ್ಲ. ಅವಳಿಗೆ ಹಾಗೆ ಬರೆದರೆ ಅಣ್ಣನಿಗೆ ಏನೋ ಕೋಪ ಬಂದಿದೆ ಅಂದುಕೊಳ್ಳುತ್ತಾಳೆ.

ಇನ್ನೊಂದು ಹಟ ಇದೆ. ನೀನು ಗಮನಿಸಿರಲಿಕ್ಕಿಲ್ಲ. 'ರಾಜ್ಕುಮಾರ್' ಅಂತ ಜಕಾರಕ್ಕೆ ಕಕಾರದ ಒತ್ತು ಕೊಟ್ಟು ಬರೆದಿದ್ದನ್ನು ನೋಡಿದರೆ ನನಗೆ ತಡೆಯಲಾಗುವುದಿಲ್ಲ. 'ರಾಜ್‌ಕುಮಾರ್' ಅಂತ ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಅದಕ್ಕೆ ಅಗಲವಿಲ್ಲ, ಸದ್ದಿಲ್ಲ. ಎರಡು ಅಕ್ಷರ ಸೇರಿಕೊಳ್ಳದ ಹಾಗೆ ನಡುವೆ ನಿಲ್ಲುತ್ತದೆ, ಅಷ್ಟೆ. 'ರ್‍ಯಾಂಕ್' ಅಂತ ಬರೆಯಲೂ ಅಂಥದೇ ಇನ್ನೊಂದು ಬೇಕು, ಇಲ್ಲದಿದ್ದರೆ ಅರ್ಕಾವತ್ತು ಬಂದು ಕೂರುತ್ತದೆ. ಬಹಳ ಜನ ಇದನ್ನು ಹಾಕುವುದಿಲ್ಲ, ಓದುವವರು ಹೇಗೋ ಓದಿಕೊಳ್ಳುತ್ತಾರೆ. ನಾನು ಮೂರು ಸಾಲಿನ ಮೆಸೇಜಿನಲ್ಲೂ ಹಾಕುತ್ತೇನೆ. ಕಲಿಸಿದ ಮೇಷ್ಟ್ರು ಒತ್ತು ತಪ್ಪಿದರೆ ಸ್ಲೇಟು ಒರೆಸಿ ಮತ್ತೆ ಬರೆಸುತ್ತಿದ್ದರು. ಆ ಅಭ್ಯಾಸ ಹೋಗಿಲ್ಲ. ಹೋಗುವುದೂ ಬೇಡ.

ಅಜ್ಜನ ಕತೆ ನಿನಗೆ ಗೊತ್ತಲ್ವಾ? 2004ರಲ್ಲಿ ಅಜ್ಜ ಹೇಳುತ್ತಾ ಹೋದ ನೆನಪುಗಳನ್ನು ಊರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆ. ಹಳೇ ಫಾಂಟು. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ನಮ್ಮೂರ ಅಂಗಡಿಗೆ ಅದಿನ್ನೂ ಬಂದಿರಲಿಲ್ಲ. ಆ ಹಳೇ ಫಾಂಟುಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುತ್ತಿದ್ದುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನೇ. ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿರುತ್ತಿದ್ದರು. ಫಾಂಟ್ ತೆಗೆದರೆ ಹೊದಿಕೆ ಹೋಯಿತು. ಅಜ್ಜ ತೀರಿಕೊಂಡ ಮೇಲೆ ಒಂದು ದಿನ ಹೊಸ ಲ್ಯಾಪ್‌ಟಾಪ್‌ನಲ್ಲಿ ಆ ಫೈಲ್ ತೆರೆದೆ. ತಲೆ ಮೇಲೆ ಚುಕ್ಕಿ, ಗೆರೆ ಇರುವ ಯಾವುದೋ ಅಕ್ಷರಗಳು. ಒಂದು ಪದವೂ ಓದಲಾಗಲಿಲ್ಲ. ಹಳೇ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಆಮೇಲೆ ಅಚ್ಚಾದ ಪ್ರತಿ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ತಿದ್ದಿದೆ. 31 ಪುಟಕ್ಕೆ ಒಂದು ಬೇಸಿಗೆ ಹಿಡಿಯಿತು. ಅಲ್ಲಿಂದ ಮುಂದೆ ಏನು ಬರೆದರೂ ಯೂನಿಕೋಡ್‌ನಲ್ಲೇ. ಕನ್ನಡ ಬರಹವನ್ನು ಚಿತ್ರ ಮಾಡಿ ಕಳಿಸುವುದೂ ಇಲ್ಲ. ಚಿತ್ರದೊಳಗಿನ ಮಾತನ್ನು ನಾಳೆ ಹುಡುಕಬೇಕಾದರೆ ಕಷ್ಟ.

ಉಳಿದದ್ದು ಸಣ್ಣಪುಟ್ಟದ್ದು. ವಾಟ್ಸಾಪಿನ ನೀಲಿ ಟಿಕ್ ಆಫ್ ಮಾಡಿದ್ದೇನೆ. ನೀನು ಓದಿದೆಯೋ ಇಲ್ಲವೋ ಅಂತ ನನಗೂ ಕಾಣುವುದಿಲ್ಲ, ಅದು ನನಗೆ ಇಷ್ಟ. ದನಿ ಮೆಸೇಜು ಕೇಳುತ್ತೇನೆ, ಉತ್ತರ ಬರೆದೇ ಕಳಿಸುತ್ತೇನೆ. ರಾತ್ರಿ ಫೋನು ಅಡುಗೆಮನೆಯ ಕಪಾಟಿನಲ್ಲಿ ಇರುತ್ತದೆ.

ಈಗ ಅಮ್ಮನ ವಿಷಯ ಹೇಳಬೇಕು. ಅವಳು ಓದಿದ್ದು ಏಳನೇ ಕ್ಲಾಸು, ಅದೂ ಕನ್ನಡ ಶಾಲೆ. ಅರವತ್ತು ದಾಟಿದ ಮೇಲೆ ಫೋನಿನಲ್ಲಿ ಬರೆಯಲು ಕಲಿತಳು. ಮಳೆಗಾಲದಲ್ಲಿ ನಮ್ಮ ಕಡೆ ಇಂಟರ್ನೆಟ್ ಇರುವುದೇ ಅಪರೂಪ, ಆಗ ಎಸ್ಸೆಮ್ಮೆಸ್ಸೇ ಗತಿ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ ಹಿಡಿಯುತ್ತದೆ, ಕನ್ನಡ ಆದರೆ 70. ಅದರಲ್ಲೂ ಕಾಗುಣಿತ, ಒತ್ತು ಎಲ್ಲವೂ ಲೆಕ್ಕಕ್ಕೆ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅಲ್ಲಿ ಆರು. ಹಾಗಾಗಿ ಅಮ್ಮ ಚಿಕ್ಕದಾಗಿ ಬರೆಯುತ್ತಾಳೆ. "ಮಳೆ ಜೋರು. ಹಸು ಕರು ಹಾಕ್ತು. ಹೆಣ್ಣು." ಇಂಥವನ್ನು ನಾನು ಒಂದೂ ಅಳಿಸಿಲ್ಲ.

ನೀನು ಊರು ಮುಟ್ಟಿದ ಮೇಲೆ ಅವಳಿಗೊಂದು ಮೆಸೇಜ್ ಕಳಿಸಿದ್ದೆ. ಉದ್ದಕ್ಕೆ, ಇಂಗ್ಲಿಷ್ ಅಕ್ಷರದಲ್ಲಿ. ಅವಳು ಅದನ್ನು ಎರಡು ದಿನ ಇಟ್ಟುಕೊಂಡಿದ್ದಳು. ಆಮೇಲೆ ನಾನು ಒಬ್ಬನೇ ಇದ್ದಾಗ ಬಂದು, "ಇದು ಏನು ಬರೆದಿದ್ದಾನೆ ಓದಿ ಹೇಳು" ಅಂದಳು. ಓದಿದೆ. ಕೆಸುವಿನ ಪತ್ರೊಡೆ ಬಗ್ಗೆ ನೀನು ಬರೆದಿದ್ದ ಸಾಲನ್ನು ಎರಡು ಸಲ ಓದಿಸಿಕೊಂಡಳು. ಖುಷಿಪಟ್ಟಳು. ಆದರೆ ಅದು ಅವಳ ಕಾಗದ ಕಣೋ. ನನ್ನ ಬಾಯಲ್ಲಿ ಕೇಳಬೇಕಾಯಿತು.

ಈ ವರ್ಷದ ಹಲಸಿನ ಹಪ್ಪಳ ನಿನಗೆ ಅಂತ ಬೇರೆ ಡಬ್ಬಿಯಲ್ಲಿ ತೆಗೆದಿಟ್ಟಿದ್ದಾಳೆ. ಖಾರದ್ದು ಬೇಕೋ ಸಪ್ಪೆಯದು ಬೇಕೋ ಅಂತ ನನ್ನ ಹತ್ತಿರ ಕೇಳುತ್ತಿದ್ದಾಳೆ. ನಾನು ಹೇಳುವುದಿಲ್ಲ. ನೀನೇ ಅವಳಿಗೆ ಬರೆ, ಕನ್ನಡದಲ್ಲಿ.

ನಿನ್ನ ಗೆಳೆಯ