ಫೋನಿನೊಳಗಿನ ರೇಡಿಯೊ ಕೇಳುವಂತಾಗಲಿ

ಮಾನ್ಯರೆ,

ಕಳೆದ ತಿಂಗಳು ಹೊಸ ಸ್ಮಾರ್ಟ್‌ಫೋನ್ ಕೊಳ್ಳಲು ಹೋದಾಗ ಅದರಲ್ಲಿ ಎಫ್‌ಎಂ ರೇಡಿಯೊ ಇದೆಯೇ ಎಂದು ವಿಚಾರಿಸಿದೆ. ಆ್ಯಪ್ ಹಾಕಿಕೊಡುವುದಾಗಿ ಅಂಗಡಿಯವರು ಹೇಳಿದರು. ಆ್ಯಪ್ ನಡೆಯುವುದು ಇಂಟರ್‌ನೆಟ್ ಇದ್ದರೆ ಮಾತ್ರ. ನನಗೆ ಬೇಕಾಗಿದ್ದುದು ಇಂಟರ್‌ನೆಟ್ ಇಲ್ಲದ ಹೊತ್ತಿಗೆ ಕೇಳಿಸುವ ರೇಡಿಯೊ.

2019ರ ಆಗಸ್ಟ್‌ನಲ್ಲಿ ಗಂಗಾವಳಿ ನದಿ ಉಕ್ಕಿದಾಗ ನಮ್ಮ ಕಡೆ ಮೊದಲು ಕರೆಂಟ್ ಹೋಯಿತು, ಬಳಿಕ ನೆಟ್‌ವರ್ಕ್ ಕೂಡ ಹೋಯಿತು. ಆಗ ಹಳೆಯ ಬಟನ್ ಫೋನಿಗೆ ಇಯರ್‌ಫೋನ್ ಸಿಕ್ಕಿಸಿ 102.3ರಲ್ಲಿ ಆಕಾಶವಾಣಿ ಕಾರವಾರ ಕೇಂದ್ರವನ್ನು ಹಿಡಿದೆವು. ಹೊರಗಿನ ಸುದ್ದಿ ನಮಗೆ ತಲುಪಿದ್ದು ಆ ಒಂದು ತಂತಿಯಿಂದಲೇ. ಹೆದ್ದಾರಿ ಪಕ್ಕದ ಗುಡ್ಡ ಯಾವಾಗ ಜರಿಯುವುದೋ ಎಂಬ ಭಯ 2024ರ ಜುಲೈನ ಶಿರೂರು ಗುಡ್ಡ ಕುಸಿತದ ದುರಂತದ ನಂತರ ಪ್ರತಿ ಮಳೆಗಾಲದಲ್ಲೂ ನಮ್ಮೊಂದಿಗಿದೆ. ಹಾಗಿರುವಾಗ ಆ ಸೌಕರ್ಯ ಹೊಸ ಫೋನುಗಳಲ್ಲಿ ಇಲ್ಲವಾಗುತ್ತಿರುವುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಅನೇಕ ಫೋನುಗಳಲ್ಲಿ ವೈಫೈ, ಬ್ಲೂಟೂತ್ ನಡೆಸುವ ಚಿಪ್‌ನಲ್ಲಿಯೇ ಎಫ್‌ಎಂ ಹಿಡಿಯುವ ಭಾಗವೂ ಸೇರಿರುತ್ತದೆ. ಆದರೆ ತಯಾರಕರು ಅದಕ್ಕೆ ಆಂಟೆನಾ ಜೋಡಿಸುವುದಿಲ್ಲ, ಇಲ್ಲವೇ ಸಾಫ್ಟ್‌ವೇರ್‌ನಲ್ಲಿ ಅದನ್ನು ಚಾಲೂ ಮಾಡಿರುವುದಿಲ್ಲ. ಎಫ್‌ಎಂ ತರಂಗದ ಉದ್ದ ಸುಮಾರು 3 ಮೀಟರ್, ಅದನ್ನು ಚೆನ್ನಾಗಿ ಹಿಡಿಯಲು ಫೋನಿನೊಳಗೆ ಹಿಡಿಸದಷ್ಟು ಉದ್ದದ ಆಂಟೆನಾ ಬೇಕು; ಆದ್ದರಿಂದ ಇಯರ್‌ಫೋನಿನ ತಂತಿಯೇ ಆಂಟೆನಾದ ಕೆಲಸ ಮಾಡುತ್ತಿತ್ತು. ಇಯರ್‌ಫೋನ್ ಸಿಕ್ಕಿಸುವ ರಂಧ್ರವನ್ನೇ ತೆಗೆದುಹಾಕಿದ ಫೋನುಗಳು ಬಂದ ಮೇಲೆ ಆ ದಾರಿಯೂ ಕಿರಿದಾಯಿತು.

ಫೋನಿನಲ್ಲಿರುವ ಎಫ್‌ಎಂ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬಾರದು ಎಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯವು 2023ರಲ್ಲಿ ಮೊಬೈಲ್ ಉದ್ಯಮದ ಸಂಘಟನೆಗಳಿಗೆ ತಿಳಿಸಿತ್ತು. ವಿಕೋಪದ ಸಮಯದಲ್ಲಿ ರೇಡಿಯೊ ಎಷ್ಟು ಉಪಯುಕ್ತ ಎಂಬುದನ್ನೂ ಅದರಲ್ಲಿ ಹೇಳಿತ್ತು. ಆದರೆ ಅದು ಸಲಹೆ ಮಾತ್ರ. ಸಲಹೆಯನ್ನು ಪಾಲಿಸದವರನ್ನು ಕೇಳುವವರಿಲ್ಲ. ಗುಡ್ಡದ ಮರೆಯ ಹಳ್ಳಿಗಳಿಗೆ ಎಫ್‌ಎಂ ಸರಿಯಾಗಿ ತಲುಪುವುದಿಲ್ಲವೆಂಬುದು ನಿಜ, ಅಲ್ಲಿಗೆ ಮರುಪ್ರಸಾರದ ಏರ್ಪಾಡು ಆಗಬೇಕು. ಆದರೆ ಕರಾವಳಿಯ ಸಮತಟ್ಟಿನಲ್ಲಿ ಪ್ರಸಾರ ಸ್ಪಷ್ಟವಾಗಿ ಬರುತ್ತಿದ್ದರೂ ಕೈಯಲ್ಲಿರುವ ಫೋನು ಅದನ್ನು ಹಿಡಿಯದಿರುವುದಕ್ಕೆ ಯಾವ ಗುಡ್ಡವೂ ಅಡ್ಡವಿಲ್ಲ.

ಆದ್ದರಿಂದ ಆ ಸಲಹೆಯನ್ನು ಕಡ್ಡಾಯ ನಿಯಮವಾಗಿಸಬೇಕು. ಅಲ್ಲಿಯವರೆಗೆ ಇಂಟರ್‌ನೆಟ್ ಇಲ್ಲದೆ ಕೇಳುವ ಎಫ್‌ಎಂ ಇದೆಯೋ ಇಲ್ಲವೋ ಎಂಬುದನ್ನು ಫೋನಿನ ಡಬ್ಬಿಯ ಮೇಲೆಯೇ ಮುದ್ರಿಸುವಂತೆ ಸರ್ಕಾರ ಸೂಚಿಸಬೇಕು. ನಮ್ಮ ಸಂಸದರು ಈ ವಿಷಯವನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಸಚಿವಾಲಯದ ಮುಂದಿಡಬೇಕೆಂದು ವಿನಂತಿಸುತ್ತೇನೆ.

– ಓದುಗ, ಅಂಕೋಲಾ