ನಿಮ್ಮ ‘ಅರೋಮಾ ಪೆನ್’ ಬಗ್ಗೆ ಐದನೇ ಮತ್ತು ಕೊನೆಯ ದೂರು

ಗ್ರಾಹಕ ಸೇವೆಯವರಿಗೆ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ‘ನಿಮ್ಮ ಕರೆ ನಮಗೆ ಅಮೂಲ್ಯ’ ಅಂತ ಕೇಳಿಸಿಕೊಂಡೆ. ಇನ್ನು ಕಾಗದವೇ ಸರಿ.

ಡಿಸೆಂಬರ್‌ನಲ್ಲಿ ಮಗನ ಸ್ಕೂಲ್ ಬ್ಯಾಗಿನಲ್ಲಿ ಹಳದಿ ಹೈಲೈಟರ್ ಥರದ್ದೊಂದು ಸಿಕ್ಕಿತು. ಅಂಗಡಿಯ ಉದ್ರಿ ಪುಸ್ತಕದ ಮೇಲೆ ಎಳೆದು ನೋಡಿದೆ, ಗೀಟು ಬೀಳಲಿಲ್ಲ. ಮೂಸಿದರೆ ಮಾವಿನಹಣ್ಣಿನ ವಾಸನೆ. ಡಿಸೆಂಬರ್‌ನಲ್ಲಿ ಯಾವ ಮಾವು ಸ್ವಾಮಿ? ಅದು ಪೆನ್ನಲ್ಲ, ಬ್ಯಾಟರಿಯಲ್ಲಿ ಬಿಸಿಯಾಗಿ ಹೊಗೆಯಂಥ ಆವಿ ಬಿಡುವ, ಸೇದುವ ಇ-ಸಿಗರೇಟು. ಮಗನಿಗಿನ್ನೂ 15, ಈ ವರ್ಷ ಎಸ್‌ಎಸ್‌ಎಲ್‌ಸಿ. ನನ್ನ ಫೋನಿನಿಂದಲೇ ನಿಮ್ಮ ಆ್ಯಪ್‌ನಲ್ಲಿ ತರಿಸಿದ್ದಾನೆ. ಬಿಲ್ಲಿನಲ್ಲಿ ‘ಅರೋಮಾ ಪೆನ್’, 1,000 ರೂಪಾಯಿ, ಮೇಲೆ 18% ಜಿಎಸ್‌ಟಿ, ಒಟ್ಟು 1,180. ಮಾರಲೇಬಾರದ ವಸ್ತುವಿಗೆ ತೆರಿಗೆ ಹಾಕಿ ಪಕ್ಕಾ ಬಿಲ್ಲು ಕೊಟ್ಟಿದ್ದೀರಲ್ಲ, ನಿಮ್ಮ ಪ್ರಾಮಾಣಿಕತೆಗೆ ಕೈ ಮುಗಿಯಬೇಕು.

ಇ-ಸಿಗರೇಟನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ, ಕೇಂದ್ರದ ಕಾನೂನು 2019ರದ್ದು. ಇದು ನಿಮಗೆ ಗೊತ್ತು. ಯಾವ ಹೆಸರಿನಿಂದ ಕರೆದರೂ, ಯಾವ ಆಕಾರದಲ್ಲಿದ್ದರೂ, ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಅದು ಇ-ಸಿಗರೇಟೇ ಅಂತ ಕೇಂದ್ರದ ಕಾನೂನಿನಲ್ಲಿದೆ. ಆನ್‌ಲೈನ್ ಮಾರಾಟವೂ ಸೇರಿದೆ. ಹಾಗಾಗಿ ‘ಇದು ಝೀರೋ ನಿಕೋಟಿನ್ ಸರ್’ ಎಂಬ ನಿಮ್ಮ ಎರಡನೇ ಕರೆಯ ಉತ್ತರವನ್ನು ನೀವೇ ಇಟ್ಟುಕೊಳ್ಳಿ.

ನಾಲ್ಕನೇ ಕರೆಯ ಕಥೆ ಹೇಳಲೇಬೇಕು. ಶನಿವಾರ ಸಂಜೆ, ಅಂಗಡಿ ತುಂಬ ಜನ. ಬೆಲ್ಲ ಒಡೆದು ತೂಗುತ್ತಿದ್ದೆ, ಅದಕ್ಕೇ ಸ್ಪೀಕರ್ ಹಾಕಿದ್ದೆ. ಎದುರಿಗೆ ಮಗನ ಗಣಿತದ ಮೇಷ್ಟ್ರು, ಅರ್ಧ ಕೆಜಿ ಬೆಲ್ಲಕ್ಕೆ ಕಾಯುತ್ತಾ.

“ಸರ್, ಫ್ಲೇವರ್ ಇಷ್ಟ ಆಗ್ಲಿಲ್ವಾ?”

“ಫ್ಲೇವರ್ ವಿಷಯ ಅಲ್ಲಮ್ಮ, ಇದು ಬ್ಯಾನ್ ಆಗಿರೋ ಐಟಂ.”

“ಹೊಗೆ ಬರ್ತಿಲ್ವಾ ಸರ್? ಚಾರ್ಜ್ ಮಾಡಿ ನೋಡಿದ್ರಾ?”

ಮಗನ ಹೆಸರು ಎತ್ತುವ ಹಾಗಿಲ್ಲ, ಮೇಷ್ಟ್ರು ಅಲ್ಲೇ ಇದ್ದಾರೆ.

“ಎಷ್ಟು ದಿನದಿಂದ ಸೇದ್ತಿದೀರಾ ಸರ್?”

ಅಂಗಡಿಯೇ ಗಪ್‌ಚುಪ್. ಸ್ಪೀಕರ್ ಆರಿಸೋಣ ಅಂದರೆ ಕೈಯೆಲ್ಲ ಬೆಲ್ಲ. ಮೇಷ್ಟ್ರು ತಕ್ಕಡಿಯನ್ನೇ ನೋಡುತ್ತಾ ನಿಂತರು.

“18 ದಾಟಿದೆ ಅಂತ ನೀವೇ ಟಿಕ್ ಮಾಡಿದೀರಾ ಸರ್, ಕನ್ಫರ್ಮ್ ಮಾಡಿ.”

ನನಗೆ 52. ಕನ್ಫರ್ಮ್ ಮಾಡಿದೆ. ತಾಳ್ಮೆಗೆ ಬಹುಮಾನ ಅಂತ 50 ರೂಪಾಯಿ ಕೂಪನ್ ಬಂತು, ಅದರ ಹಿಂದೆಯೇ ‘ನಿಮಗೆ ಇಷ್ಟವಾಗಬಹುದು: ಸ್ಟ್ರಾಬೆರಿ’.

ಒಂದು ಕೇಳುತ್ತೇನೆ. ಬರೀ ಸುವಾಸನೆಯ ಪೆನ್ ಆದರೆ 18 ದಾಟಿರಬೇಕು ಅಂತ ಯಾಕೆ ಕೇಳುತ್ತೀರಿ? 20 ವರ್ಷದಿಂದ ಊದುಬತ್ತಿ ಮಾರುತ್ತಿದ್ದೇನೆ, ಒಬ್ಬರ ವಯಸ್ಸೂ ಕೇಳಿಲ್ಲ. ನಮ್ಮಂಥವರು ಸ್ಕೂಲಿನ ಹತ್ತಿರ ಒಂದು ಬೀಡಿ ಕಟ್ಟು ಇಟ್ಟರೆ ದಂಡ ಹಾಕೋಕೆ ಬರುತ್ತಾರೆ, ಬೋರ್ಡ್ ಎಲ್ಲಿ ಅಂತ ಕೇಳುತ್ತಾರೆ. ನೀವು ಸೀದಾ ಹುಡುಗನ ಕೈಗೇ ಕೊಟ್ಟು, ಐದು ಸ್ಟಾರ್ ಕೊಡಿ ಅಂತ ಮೆಸೇಜ್ ಹಾಕುತ್ತೀರಿ.

ಈಗ ‘ವಸ್ತುವನ್ನು ಕೊರಿಯರ್‌ನಲ್ಲಿ ವಾಪಸ್ ಕಳಿಸಿ, ಹಣ ಕೊಡುತ್ತೇವೆ’ ಅಂತ ಇಮೇಲ್ ಮಾಡಿದ್ದೀರಿ. ಇದನ್ನು ಸಾಗಿಸುವುದೂ ಅದೇ ಕಾನೂನಿನಲ್ಲಿ ಅಪರಾಧ, ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುವ ಆಸೆ ಇದೆಯಾ?

ನಿಮ್ಮ 1,180 ಬೇಡ, ಕೂಪನ್ನೂ ಬೇಡ. ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಆ ಹಳದಿ ಪೆನ್ನು, ಡಬ್ಬಿ, ಬಿಲ್ಲು ಮೂರನ್ನೂ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಇಡುತ್ತೇನೆ. ಮಾರಿದವರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಎಲ್ಲ ಬಿಲ್ಲಿನಲ್ಲೇ ಸ್ಪಷ್ಟವಾಗಿದೆ. ಅಷ್ಟು ಸಹಾಯ ಮಾಡಿದ್ದಕ್ಕೆ ಥ್ಯಾಂಕ್ಸ್.

ಇತಿ,
ಹಾಸನದ ಒಬ್ಬ ಕಿರಾಣಿ ಅಂಗಡಿಯವನು
(ಸೇದುವವನಲ್ಲ. ಮೇಷ್ಟ್ರಿಗೂ ಇದೇ ಹೇಳಬೇಕಾಗಿದೆ.)